ಸಾಯೋ ಕೆಂಚಪ್ಪ, ಇಟಲಿಯ ರೆಂಜಣ್ಣ

ಸಾಯೋದ್ರಾಗೆ ಹದಡಿ ಕೆಂಚವೀರಪ್ಪನ್ನ ಮೀರ್ಸೋ ನಟ ನಮ್ ಸೀಮೆನಾಗೇ ಇರ್ಲಿಲ್ಲ. ನಗಬ್ಯಾಡ್ರಿ, ಇದು ಸಣ್ಣ ಮಾತಲ್ಲ. ಈಟಿ ಚುಚ್ಚಿಸ್ಕಂಡು ಸಾಯೋದು ಬೇರೆ, ವಿಷ ಕುಡ್ದು ಸಾಯೋದು ಬೇರೆ, ಒಡಹುಟ್ಟಿದ ತಮ್ಮನ ಕೈಯಾಗೆ ಮೋಸದಿಂದ ಸಾಯೋದು ಇನ್ನೂ ಬೇರೆ. ಕೆಂಚವೀರಪ್ಪ ಇಪ್ಪತ್ತಾರು ವರ್ಷ ನಾಟಕ ಕಂಪನಿನಾಗೆ ಇದ್ದು ಅಷ್ಟನ್ನೂ ಸತ್ತು ತೋರ್ಸಿದ. ಹರಿಹರದ ಕ್ಯಾಂಪ್‌ನಾಗೆ ಒಂದ್ಸಲ ವಿಷ ಕುಡ್ದು ಒದ್ದಾಡೋದು ನೋಡಿ ಮುಂದ್ಲ ಸಾಲಿನ ಹೆಣ್ಮಗಳೊಬ್ಬಳು ಹುಣಸೆಹಣ್ಣಿನ ನೀರು ಕಲಸ್ಕಂಡು ಸ್ಟೇಜ್ ಹತ್ತಿದ್ಲಂತೆ. ಜನ ಒನ್ಸ್ ಮೋರ್ ಅಂದ್ರೆ ಎದ್ದು ಮೈ ಕೊಡವಿ ಇನ್ನೊಂದ್ಸಲ ಸಾಯ್ತಿದ್ದ. ಅದಕ್ಕೇ ಅವನಿಗೆ ಸಾಯೋ ಕೆಂಚಪ್ಪ ಅಂತ ಹೆಸರು ಬಿದ್ದಿದ್ದು.

ಹದಡಿನಾಗೆ ಅವರಪ್ಪ ಎಮ್ಮೆ ಕಾಯಕ್ಕೆ ಹಚ್ಚಿದ್ದ. ಹದಿಮೂರು ವರ್ಷಕ್ಕೆ ಎಮ್ಮೆ ಬಿಟ್ಟು ಕಂಪನಿ ಗಾಡಿ ಹಿಂದೆ ಓಡಿ ಹೋದ. ಮೊದ್ಲು ಪರದೆ ಹಗ್ಗ ಎಳ್ದ, ಆಮೇಲೆ ಈಟಿ ಹಿಡ್ದು ನಿಂತ, ಆಮೇಲೆ ಈಟಿ ತಿಂದು ಬಿದ್ದ. ಬಿದ್ದಿದ್ದು ಎಷ್ಟು ಚಂದಿತ್ತು ಅಂದ್ರೆ, ಮಾಲೀಕ್ರು ಆವತ್ತಿಂದ ಅವನನ್ನ ಬದುಕಕ್ಕೆ ಬಿಡ್ಲೇ ಇಲ್ಲ.

ಕಂಪನಿಯೋರ್ದು ಒಂದು ಕಟ್ಟುನಿಟ್ಟು ಇತ್ತು. ಹೆಣದ ಪಾರ್ಟು ಮಾಡಿದೋನು ಪರದೆ ಬಿದ್ದ ಕೂಡ್ಲೆ, ಬಣ್ಣ ಒರೆಸೋಕೆ ಮುಂಚೆ, ಅದೇ ಜಾಗದಾಗೆ ಎದ್ದು ಕೂತು ಗಟ್ಟಿಯಾಗಿ ನಗಬೇಕು. ನಗ್ಲಿಲ್ಲ ಅಂದ್ರೆ ಸುಳ್ಳು ಸಾವು ಮೈಗೆ ಅಂಟ್ಕಂಡು ಮನೆ ತಂಕ ಬರ್ತೈತೆ ಅಂತ. ಹೆಂಡ್ತಿ ಪಾರ್ಟಿನೋಳು ಸೀನ್‌ನಾಗೆ ಎಷ್ಟೇ ಅತ್ರೂ ಕೈಬಳೆ ಮಾತ್ರ ಒಡೆಯಂಗಿಲ್ಲ. ದಾರಕ್ಕೆ ಕಟ್ಟಿದ ಒಡಕು ಬಳೆ ಸೆರಗಿನಾಗೆ ಇಟ್ಕಂಡಿದ್ದು ಕೆಳಗೆ ಬೀಳಿಸ್ಬೇಕು ಅಷ್ಟೇ. ಈ ಎರಡು ಮಾತು ನೆನಪಿಟ್ಕಳ್ರಿ.

ಊರೆಲ್ಲಾ ಚಪ್ಪಾಳೆ ಹೊಡಿತಿತ್ತು. ಹೆಂಡ್ತಿ ಅಂಜಿನವ್ವ ಮಾತ್ರ ಅವನನ್ನ ಒಂದಿನಾನೂ ಪೂರ್ತಿ ನಂಬ್ಲಿಲ್ಲ.

ಅಂಜಿನವ್ವ ನಂದಿಗುಡಿಯ ಭತ್ತದ ಗದ್ದೆ ಮನೆಯೋಳು. ಅನುಮಾನ ಆಕಿಗೆ ಹುಟ್ಟು ಗುಣ. ಮೊಸರು ಮಾರೋಳು ನಕ್ಕಂಡು ಬಂದ್ರೆ ನೀರು ಬೆರ್ಸ್ಯಾಳೆ ಅಂತಿದ್ಲು. ನಗದಂಗೆ ಬಂದ್ರೆ ಜಾಸ್ತಿ ಬೆರ್ಸ್ಯಾಳೆ ಅಂತಿದ್ಲು. ಅಂಥಾಕಿಗೆ ಸಿಕ್ಕಿದ್ದು ದಿನಾ ಸತ್ತು, ದಿನಾ ಎದ್ದು ಬಂದು ಮುದ್ದೆ ಉಣ್ಣೋ ಗಂಡ. ಕಣ್ಣೀರು ಬೇಕಂದಾಗ ಕಣ್ಣೀರು, ಬೆವರು ಬೇಕಂದಾಗ ಬೆವರು. "ಇಂಥೋನು ಮನೆನಾಗೆ ನಿಜ ಅಳ್ತಾನೋ ಪಾರ್ಟು ಅಳ್ತಾನೋ, ಯಾವ ಗುರ್ತಿನಿಂದ ಹೇಳಾದು?" ಅಂತ ಇಮಾಂಬೀನ ಕೇಳ್ತಿದ್ಲು. ಇಮಾಂಬೀ, ಅಂಜಿನವ್ವ ಇಬ್ರೂ ಮಂಡಕ್ಕಿ ಭಟ್ಟಿನಾಗೆ ಜೊತೆಗೆ ಕೆಲಸ ಮಾಡಿದೋರು. ಬಿಸಿ ಮರಳಿನಾಗೆ ಅಕ್ಕಿ ಹುರ್ದು ಹುರ್ದು ಅಂಜಿನವ್ವನ ಕೈ ಒನಕೆ ಆಗಿತ್ತು.

ಇಷ್ಟಕ್ಕೂ ಅನುಮಾನದ ಗಂಟು ಬಿದ್ದಿದ್ದು ಅರವತ್ತೊಂದನೇ ಇಸವಿನಾಗೆ. ಆಕಿ ಚೊಚ್ಚಲ ಬಸುರಿ, ನಂದಿಗುಡಿನಾಗೆ ತವರಿನಾಗಿದ್ಲು. ಕೆಂಚವೀರಪ್ಪ ಸಂಕ್ರಾಂತಿ ಮುಗ್ಸಿ ಕಂಪನಿ ಜೊತೆ ಹೊಸಪೇಟೆಗೆ ಅಂತ ಹೋದೋನು, ಮೂರು ತಿಂಗಳು ನಾಪತ್ತೆ. ಕಾಗದ ಇಲ್ಲ, ಸುದ್ದಿ ಇಲ್ಲ. ಕಂಪನಿ ವಾಪಸ್ ಬಂತು, ಅವನು ಬರ್ಲಿಲ್ಲ. ಮಗಳು ಸುಮಾ ಹುಟ್ಟಿದ್ಲು, ಆಗ್ಲೂ ಬರ್ಲಿಲ್ಲ. ಯುಗಾದಿ ಕಳೆದು ಬಂದ ನೋಡ್ರಿ, ಕಪ್ಪು ಕನ್ನಡಕ ಹಾಕ್ಕಂಡು! ಕೈಯಾಗೆ ಒಂದು ಫೋಟೊ, ಬಗಲಾಗೆ ಘಮ್ ಅನ್ನೋ ಒಂದು ರೇಶ್ಮೆ ವಸ್ತ್ರ.

"ಹಂಪಿನಾಗೆ ಇಟಲಿಯೋರು ಸಿನಿಮಾ ತೆಗದ್ರು. ನಾನೂ ಮಾಡೀನಿ. ಹೀರೋ ರೆಂಜೊ ಬರ್ತೇಲಿ ಅಂತ, ನಂಗೂ ಅವನಿಗೂ ಭಾಳ ದೋಸ್ತಿ ಆತು. ಇದು ನಿಂಗೆ ಅಂತ ಅವನೇ ಕೊಟ್ಟ," ಅಂದ.

ಅಂಜಿನವ್ವ ವಸ್ತ್ರ ಮೂಸಿ ನೋಡಿದ್ಲು. "ಗಂಡಸು ಕೊಟ್ಟಿದ್ದು ಹಿಂಗೆ ವಾಸ್ನೆ ಬರ್ತೈತಾ?"

"ಅವರ ದೇಶದಾಗೆ ಗಂಡಸ್ರೂ ಹಂಗೇ ವಾಸ್ನೆ ಬರ್ತಾರೆ."

"ಇಟಲಿಯೋರು ತಮ್ ದೇಶ ಬಿಟ್ಟು ಹಂಪಿಗೆ ಯಾಕ ಬಂದ್ರು? ಅಲ್ಲಿ ಕಲ್ಲಿಲ್ಲೇನು?"

ಕೆಂಚವೀರಪ್ಪ ಫೋಟೊ ಮುಂದೆ ಹಿಡ್ದ. ಫೋಟೊನಾಗೆ ಬಿಳಿ ಮನುಷ್ಯ ಒಬ್ಬನೇ ನಗ್ತಾ ಇದ್ದ, ಕೆಳಗೆ ಕೋಳಿ ಕೆದರಿದಂಗೆ ಸಹಿ. ಇಂಥಾ ಫೋಟೊ ಯಾವ ಟಾಕೀಸಿನ ಗೋಡೆಗೆ ಬೇಕಾದ್ರೂ ಇರ್ತಾವೆ. ಅಷ್ಟರ ಮ್ಯಾಲೆ ವಾರ ಕಳಿಯೋದ್ರೊಳಗೆ ಇನ್ನೊಂದು ಸುದ್ದಿ ಕಿವಿಗೆ ಬಿತ್ತು. ಕಂಪನಿಯ ನಾಯಕಿ ಕಸ್ತೂರಮ್ಮನೂ ಅದೇ ಮೂರು ತಿಂಗಳು ಕಂಪನಿನಾಗೆ ಇರ್ಲಿಲ್ಲವಂತೆ.

ಅಂಜಿನವ್ವ ಅದನ್ನ ಹೊಟ್ಟೆಯಾಗೆ ಇಟ್ಕಂಡ್ಲು. ರೇಶ್ಮೆ ವಸ್ತ್ರ ಟ್ರಂಕಿನ ತಳಕ್ಕೆ ಹಾಕಿದ್ಲು, ಒಂದಿನಾನೂ ತಲೆಗೆ ಸುತ್ತಲಿಲ್ಲ.

ಅಲ್ಲಿಂದ ಆ ಮನೆನಾಗೆ ರೆಂಜೊ ಬರ್ತೇಲಿ ಇನ್ನೊಬ್ಬ ಮನುಷ್ಯ ಆಗಿ ಸೇರ್ಕಂಡ. ಕೆಂಚವೀರಪ್ಪ ಅವನಿಗೆ ರೆಂಜಣ್ಣ ಅಂತಿದ್ದ. ರೆಂಜಣ್ಣ ಬೇಕರಿ ಗಾಡಿ ತಳ್ತಿದ್ದೋನು, ದ್ರಾಕ್ಷಿ ತೋಟದಾಗೆ ಕೂಲಿ ಮಾಡಿದೋನು, ಹೊಟ್ಟೆಪಾಡಿಗೆ ನಾಟಕಕ್ಕೆ ಸೇರಿದೋನು, ಥೇಟ್ ನಮ್ಮಂಗೆ ಅಂತ ಹೇಳ್ತಿದ್ದ. ಕಂಪನಿ ಬಾಗಿಲು ಹಾಕಿದ ಮ್ಯಾಲೆ ಕೆಂಚವೀರಪ್ಪ ದಾವಣಗೆರೆಯ ಒಂದು ಟಾಕೀಸಿನಾಗೆ ಗೇಟ್‌ಕೀಪರ್ ಆದ. ಬೆಳಗಿನ ಆಟಕ್ಕೆ ಕುದುರೆ ಮ್ಯಾಲೆ ಪಿಸ್ತೂಲು ಹೊಡಿಯೋ ಪರದೇಶದ ಪಿಚ್ಚರ್ ಬರ್ತಿದ್ವಲ್ಲ, ಅದ್ರಾಗೆ ರೆಂಜಣ್ಣ ಕಂಡ್ರೆ ಸಾಕು, ಟಾರ್ಚ್ ಹಿಡ್ಕಂಡೇ ಕೂಗ್ತಿದ್ದ, "ನಮ್ ರೆಂಜಣ್ಣ! ನಮ್ ರೆಂಜಣ್ಣ!" ಕತ್ತಲಾಗೆ ಹುಡುಗ್ರು, "ಕೂಡ್ರೋ ಮುದಿಯಾ, ನಿಮ್ಮಣ್ಣ ಸಾಯ್ತಾನೆ ಈಗ," ಅಂತ ಕಾಲೆಳಿತಿದ್ರು.

ರೆಂಜಣ್ಣ ಮೊದ್ಲು ಸಿಂಹದ ಜೊತೆ ಕುಸ್ತಿ ಹಿಡಿಯೋ ಪೈಲ್ವಾನ್ ಆಗಿದ್ದ. ಮೈ ಇಳಿದ ಮ್ಯಾಲೆ ಕುದುರೆ ಹತ್ತಿದ. ಸೊಂಟ ಹೋದ ಮ್ಯಾಲೆ ಕುದುರೆ ಇಳಿದು ಪೊಲೀಸ್ ಅಧಿಕಾರಿ ಆದ, ಆಮೇಲೆ ವಿಲನ್ ಆದ, ಕೊನೆಗೆ ಹೀರೋಯಿನ್ನಿನ ಅಪ್ಪ. ಎಷ್ಟು ಸಣ್ಣ ಪಾರ್ಟು ಕೊಟ್ರೂ ಬಿಡ್ಲಿಲ್ಲ ಪುಣ್ಯಾತ್ಮ, ನಲವತ್ತೈದು ವರ್ಷ! ರೆಂಜಣ್ಣನ ತಲೆ ಬೋಳಾದ ವರ್ಷ ಕೆಂಚವೀರಪ್ಪ ತನ್ನ ನೆತ್ತಿ ಸವರ್ಕಂಡು ನೋಡಿದ.

ಅಂಜಿನವ್ವ ಇದೆಲ್ಲಾ ನೋಡಿ ಅಂತಿದ್ಲು, "ಒಂದು ಸುಳ್ಳಿಗೆ ಇಷ್ಟು ವರ್ಷ ಅನ್ನ ಹಾಕಿ ಸಾಕ್ತಾನಲ್ಲ ಇವನು."

ಇನ್ನೊಂದು ಐತೆ. ಪ್ರತಿ ವರ್ಷ ಶಿವರಾತ್ರಿ ಮಾರನೇ ದಿನ ಕೆಂಚವೀರಪ್ಪ ಮಡಿ ಪಂಚೆ ಉಟ್ಕಂಡು ಒಬ್ಬನೇ ಹರಿಹರಕ್ಕೆ ಹೋಗ್ತಿದ್ದ. ಕೇಳಿದ್ರೆ, "ಹಳೇ ಕಂಪನಿಯೋರು ಸೇರ್ತೀವಿ," ಅಂತ. ಕಂಪನಿಯ ಹಳಬ್ರು ಒಬ್ಬೊಬ್ರೇ ತೀರ್ಕಂಡ್ರು, ಇವನ ಹೋಗಾಟ ಮಾತ್ರ ನಿಲ್ಲಲಿಲ್ಲ. ಕಸ್ತೂರಮ್ಮ ಇದ್ದಿದ್ದೂ ಹರಿಹರದಾಗೇ.

ತೊಂಬತ್ತೆಂಟರ ಫೆಬ್ರವರಿಗೆ ಬರಾಣ. ದಾವಣಗೆರೆ ಜಿಲ್ಲೆ ಆಗಿ ಆರು ತಿಂಗಳಾಗಿತ್ತು, ಅವರು ಇದ್ದ ನಿಟ್ಟುವಳ್ಳಿನಾಗೂ ಮನೆ ಮನೆಗೆ ಕೇಬಲ್ ವೈರ್ ಎಳೀತಿದ್ರು. ಎಳೀತಿದ್ದೋನು ಬಕ್ಕೇಶ್. ಇಪ್ಪತ್ತೈದರ ಹುಡುಗ, ಕ್ಯಾಸೆಟ್ ಅಂಗಡಿನೂ ಇತ್ತು, ಸಿನಿಮಾ ಅಂದ್ರೆ ಊಟ ಬಿಡೋನು. ಕೆಂಚವೀರಪ್ಪನ ಕತೆ ನಂಬಿದೋನು ಇಡೀ ನಿಟ್ಟುವಳ್ಳಿಗೆ ಅವನೊಬ್ಬನೇ. ಶಿವರಾತ್ರಿ ಇನ್ನ ನಾಲ್ಕು ದಿನ ಇದ್ದಾಗ ಅವನೇ ಪೇಪರ್ ಹಿಡ್ಕಂಡು ಬಂದ.

"ಅಜ್ಜಾರೇ, ರೆಂಜೊ ಬರ್ತೇಲಿ ತೀರ್ಕಂಡ್ರಂತೆ. ಎಪ್ಪತ್ತೈದಾಗಿತ್ತಂತೆ. ಮೂರೇ ಸಾಲು ಹಾಕ್ಯಾರೆ."

ಕೆಂಚವೀರಪ್ಪ ಪೇಪರ್ ಮುಟ್ಟಲಿಲ್ಲ. ಹಿತ್ಲಿಗೆ ಹೋಗಿ ತಲೆ ಮ್ಯಾಲೆ ತಣ್ಣೀರು ಸುರ್ಕಂಡ. ಬಾಗಿಲ ಸಂದಿನಾಗೆ ಅಂಜಿನವ್ವ ನೋಡ್ತಿದ್ಲು. ಗಂಡ ಬಚ್ಚಲು ಕಲ್ಲಿನ ಮ್ಯಾಲೆ ಕೂತು ಅಳ್ತಿದ್ದ, ಸದ್ದಿಲ್ಲದಂಗೆ. ಸ್ಟೇಜಿನ ಮ್ಯಾಲೆ ಅವನು ಹಂಗೆ ಅತ್ತಿದ್ದನ್ನ ಆಕಿ ನೋಡೇ ಇರ್ಲಿಲ್ಲ. ಒಂದು ಗಳಿಗೆ ಟವಲ್ ಹಿಡ್ಕಂಡು ಹೋಗಾಣ ಅನ್ನಿಸ್ತು ಆಕಿಗೆ. ಮರು ಗಳಿಗೆಗೇ, "ಹೊಸ ಥರದ್ದು ಕಲ್ತಾನೆ," ಅಂದ್ಕಂಡ್ಲು.

ಶಿವರಾತ್ರಿ ಹಿಂದ್ಲ ದಿನ ಬಳೆ ಮಾರೋ ನಸೀಮಾ ಬಂದ್ಲು. ನಸೀಮಾ ಇಮಾಂಬೀ ಸೊಸೆ, ಹೊಟ್ಟೆಯಾಗೆ ಮಾತು ನಿಲ್ಲದಾಕಿ.

"ಅವ್ವಾ, ಬಳೆ ಹತ್ತಿದ್ವಾ?"

"ಯಾವ ಬಳೆ?"

"ನಿನ್ನೆ ಅಜ್ಜಾರು ಒಯ್ದರಲ್ಲ, ಹಸಿರು ಬಳೆ ಒಂದು ಡಜನ್. ಎರಡು-ನಾಲ್ಕರ ಅಳತೆ ಅಂದ್ರು. ಅಜ್ಜಾರೇ, ಅವ್ವಾರ ಕೈಗೆ ಎರಡು-ಎಂಟು ಬೇಕು, ಇವು ಹತ್ತಂಗಿಲ್ಲ ಅಂದೆ. ನೀನು ಕಟ್ಟವ್ವಾ ಸುಮ್ನೆ ಅಂದ್ರು. ವರ್ಷಾ ಒಯ್ತಾರೆ, ನಮ್ಮತ್ತೆ ಹೊತ್ತು ಮಾರೋ ಕಾಲದಿಂದ್ಲೂ."

ಅಂಜಿನವ್ವ ತನ್ನ ಕೈ ನೋಡ್ಕಂಡ್ಲು. ಆ ಕೈಗೆ ಎರಡು-ನಾಲ್ಕರ ಬಳೆ ಈ ಜನ್ಮದಾಗೆ ಹತ್ತಲ್ಲ. ಮೂವತ್ತೇಳು ವರ್ಷದ ಗಂಟು ಅಲ್ಲೇ ಬಿಚ್ಕಂತು ಅನ್ನಿಸ್ತು ಆಕಿಗೆ. ಸಣ್ಣ ಕೈ, ಮೆತ್ತನೆ ಕೈ, ಮಂಡಕ್ಕಿ ಹುರಿಯದ ಕೈ.

ನೆಟ್ಟಗೆ ಇಮಾಂಬೀ ಮನೆಗೆ ಹೋದ್ಲು. "ನಿನ್ನ ಬುರ್ಕಾ ಕೊಡು."

"ಅರೇ, ಯಾಕವ್ವಾ?"

"ನಾಡದು ಹರಿಹರಕ್ಕೆ ಹೋಗ್ಬೇಕು."

ಇಮಾಂಬೀ ಕತೆ ಪೂರ್ತಿ ಕೇಳಿದ್ಲು. ನಗು ತಡ್ಕಂಡು ಬುರ್ಕಾ ತಂದು ಕೊಟ್ಲು. "ನಾನೂ ವರ್ಷಾ ಬಳೆ ಕಟ್ಟಿ ಕೊಟ್ಟೀನಿ, ದೇವಿ ಹರಕೆಗೆ ಅಂದ್ಕಂಡಿದ್ದೆ. ಹುಷಾರು ಕಣೇ. ನೀನು ಎತ್ತು ನಡದಂಗೆ ನಡೀತಿ. ಸ್ವಲ್ಪ ಸಣ್ಣ ಹೆಜ್ಜೆ ಹಾಕು."

ಶಿವರಾತ್ರಿ ಮಾರನೇ ದಿನ ಹರಿಹರದ ಬಸ್ಸಿನಾಗೆ ಕೆಂಚವೀರಪ್ಪ ಹಿಂದ್ಲ ಬಾಗಿಲಿನಾಗೆ ಹತ್ತಿದ, ಅಂಜಿನವ್ವ ಮುಂದ್ಲ ಬಾಗಿಲಿನಾಗೆ. ಬುರ್ಕಾದೊಳಗೆ ಬೆವರು ಧಾರಾಕಾರ. ಕಂಡಕ್ಟರ್, "ಎಲ್ಲಿಗೆ ಅಮ್ಮಾ?" ಅಂದ್ರೆ ದನಿ ಗುರ್ತು ಸಿಗ್ತೈತೆ ಅಂತ ಬರೀ ಕೈ ಮುಂದೆ ಮಾಡಿದ್ಲು. ಅವನು, "ಪಾಪ, ಮೂಗಿ," ಅಂತ ತಾನೇ ಹರಿಹರದ ಟಿಕೆಟ್ ಹರ್ದು ಕೊಟ್ಟ.

ಹರಿಹರದಾಗೆ ಇಳಿದು ದೇವಸ್ಥಾನದ ಹಿಂದ್ಲ ಓಣಿ ಹಿಡ್ದ ಕೆಂಚವೀರಪ್ಪ. ಆಕಿ ಇಪ್ಪತ್ತು ಮಾರು ಹಿಂದೆ. ಒಂದು ಹೆಂಚಿನ ಮನೆ. ಹೊರಗೆ 'ಇಲ್ಲಿ ರವಿಕೆ ಹೊಲಿಯಲಾಗುವುದು' ಅಂತ ಬೋರ್ಡು. ಬಾಗಿಲು ತೆಗೆದಾಕಿ ತಲೆ ಪೂರ್ತಿ ಬೆಳ್ಳಗಾಗಿದ್ರೂ ನೆಟ್ಟಗೆ ನಿಂತಿದ್ಲು. ಕಸ್ತೂರಮ್ಮನೇ. ಕೆಂಚವೀರಪ್ಪ ಬಳೆ ಪೊಟ್ಟಣ ಎರಡೂ ಕೈಯಾಗೆ ಕೊಟ್ಟ, ಆಕಿ ಎರಡೂ ಕೈಯಾಗೆ ಇಸ್ಕಂಡ್ಲು. ಇಬ್ರೂ ನಗ್ಲಿಲ್ಲ. ಅವನು ಒಳಗೂ ಹೋಗ್ಲಿಲ್ಲ. ಕಟ್ಟೆ ಮ್ಯಾಲೆ ಕೂತು ಒಂದು ಚೊಂಬು ನೀರು ಕುಡ್ದು, ಏನೋ ಎರಡು ಮಾತಾಡಿ, ಕಣ್ಣು ಒರೆಸ್ಕಂಡು ಎದ್ದ.

ಅಷ್ಟೇ. ಆದ್ರೆ ಅನುಮಾನ ಇದ್ದೋರಿಗೆ ಅಷ್ಟೇ ಅನ್ನೋದು ಇರಲ್ಲ ರೀ. "ಮೂವತ್ತೇಳು ವರ್ಷದ ಸಂಸಾರ, ಹಗಲು ಹೊತ್ತಿನಾಗೆ ಇನ್ನೇನು ಕುಣಿತಾರಾ?" ಅಂದ್ಕಂಡ್ಲು ಅಂಜಿನವ್ವ.

ಮನೆಗೆ ಬಂದು ನಾಲ್ಕು ಸೀರೆ ಬ್ಯಾಗಿಗೆ ತುಂಬಿದ್ಲು. ಇಮಾಂಬೀಗೆ ಹೇಳಿದ್ಲು, "ನಂದಿಗುಡಿಗೆ ಹೋಗ್ತೀನಿ. ತಮ್ಮನ ಮನೆ ಹಟ್ಟಿನಾಗೆ ಬಿದ್ದಿರ್ತೀನಿ. ಸೆಕೆಂಡ್ ಹ್ಯಾಂಡ್ ಗಂಡ ನಂಗೆ ಬ್ಯಾಡ. ವಾಪಸ್ ಬರಾ ಮಾತೇ ಇಲ್ಲ."

"ಅವನ್ನ ಒಂದು ಮಾತು ಕೇಳೇ."

"ಕೇಳಿದ್ರೆ ಪಾರ್ಟು ಮಾಡ್ತಾನೆ."

ಹೊರಡೋದು ಭಾನುವಾರ ಅಂತಾಗಿತ್ತು. ಶನಿವಾರ ಬಕ್ಕೇಶ್ ಚಪ್ಪಲಿ ಬಿಡೋದೂ ಮರ್ತು ಒಳಗೆ ನುಗ್ಗಿದ. "ಅಜ್ಜಾರೇ! ಡಿಶ್ ತಿರುವಿ ತಿರುವಿ ಇಟಲಿ ಚಾನಲ್ ಹಿಡ್ದೆ! ವಾರಪೂರ್ತಿ ಬರ್ತೇಲಿಯೋರ ಹಳೇ ಪಿಚ್ಚರ್ ಹಾಕ್ತಾವ್ರೆ. ಒಂದ್ರಾಗೆ ಆನೆ ಐತೆ, ಹಂಪಿ ಕಲ್ಲಿನ ರಥ ಐತೆ! ರೆಕಾರ್ಡ್ ಮಾಡೀನಿ, ಪೂರ್ತಿ ನಾನೂ ನೋಡಿಲ್ಲ. ನಾಳೆ ಮಧ್ಯಾಹ್ನ ಎಲ್ರೂ ಅಂಗಡಿಗೆ ಬರ್ರಿ."

ಕೆಂಚವೀರಪ್ಪ ಕುಣಿದು ಬಿಡ್ತಾನೆ ಅಂದ್ಕಂಡ್ರೆ, ಅವನ ಮುಖ ಸುಣ್ಣ ಆತು. "ಬ್ಯಾಡ ಬಿಡಪ್ಪಾ. ಸತ್ತೋರ್ನ ಯಾಕ ನೋಡಾದು."

ಅಂಜಿನವ್ವನ ಕಿವಿ ನೆಟ್ಟಗಾತು. ನೋಡ್ದ್ರಾ, ಸುಳ್ಳು ಬಯಲಾಗೋ ಹೊತ್ತಿಗೆ ಹೆಂಗೆ ಜಾರ್ಕತಾನೆ! "ಬರ್ತೀವಪ್ಪಾ ಬಕ್ಕೇಶಿ. ಕುರ್ಚಿ ಹಾಕಿಡು," ಅಂದ್ಲು.

ಭಾನುವಾರ ಮಧ್ಯಾಹ್ನ ಬ್ಯಾಗ್ ಹಿಡ್ಕಂಡೇ ಹೋದ್ಲು. ನಾಲ್ಕು ಗಂಟೆಗೆ ಬಸ್ಸು. ಇಮಾಂಬೀನೂ ಬಂದ್ಲು. ಕೆಂಚವೀರಪ್ಪ ಬಾಗಿಲ ಹತ್ರ ಕೂತಿದ್ದ, ಓಡೋಕೆ ಅನುಕೂಲ ಆಗಂಗೆ. ಆಕಿ ತನ್ನ ಕುರ್ಚಿನ ಬಾಗಿಲಿಗೇ ಅಡ್ಡ ಎಳಕಂಡ್ಲು.

ಪಿಚ್ಚರ್‌ಗೆ ಮುಂಚೆ ರೆಂಜೊ ಬರ್ತೇಲಿಯ ಜೀವನ ಚರಿತ್ರೆ ತೋರ್ಸಿದ್ರು. ಭಾಷೆ ಒಬ್ರಿಗೂ ಬರ್ಲಿಲ್ಲ, ಮುಖ ನೋಡಿದ್ರೇ ಗೊತ್ತಾಗ್ತಿತ್ತು. ಬೇಕರಿ ಗಾಡಿ ಜೊತೆ ಸಣ್ಣ ಹುಡುಗ. ಸಿಂಹ. ಕುದುರೆ. ಬೋಳು ತಲೆ. ಕೊನೆಗೆ ಮೊಮ್ಮಗಳನ್ನ ತೊಡೆ ಮ್ಯಾಲೆ ಕೂರ್ಸ್ಕಂಡ ಮುದುಕ. ಕೆಂಚವೀರಪ್ಪ ಹೇಳಿದ್ದೆಲ್ಲಾ ಸಾಲಾಗಿ ಬಂತು, ಬೇಕರಿ ಗಾಡಿ ಸಮೇತ. ಅಂಜಿನವ್ವನಿಗೆ ಸ್ವಲ್ಪ ಇರುಸುಮುರುಸು ಆತು. ಆದ್ರೂ, "ಪೇಪರ್ನಾಗೆ ಓದಿರ್ತಾನೆ," ಅಂತ ಗೊಣಗಿದ್ಲು.

ಆಮೇಲೆ ಪಿಚ್ಚರ್. ಹಂಪಿ ಕಲ್ಲು, ಹೊಳೆ, ಆನೆ. ಒಂದು ಸೈನ್ಯ ಸೋತು ವಾಪಸ್ ಬರ್ತೈತೆ, ಎತ್ತಿನಗಾಡಿ ಮ್ಯಾಲೆ ಹೆಣ. ಒಂದು ಗಾಡಿ ಹತ್ರ ಹತ್ರ ಬರ್ತಾ ಐತೆ, ಮುಖ ಇನ್ನೇನು ಕಾಣಬೇಕು...

ಕರೆಂಟ್ ಹೋತು.

"ಇವರ ಮನೆ ಹಾಳಾಗ!" ಬಕ್ಕೇಶ್ ತಲೆ ಚಚ್ಕಂಡ.

ಕೆಂಚವೀರಪ್ಪ ಎದ್ದು ನಿಂತಿದ್ದ. "ಅಂಜಿನಿ, ಮುಂದೆ ಬರೋದು ನೀನು ನೋಡಬ್ಯಾಡ. ಮನೆಗೆ ಹೋಗಾಣ ನಡಿ."

"ಯಾಕ? ಏನೈತೆ ಮುಂದೆ?"

"ಆ ಗಾಡಿ ಮ್ಯಾಲಿನ ಹೆಣ ನಾನೇ. ಅಳೋಕೆ ಒಬ್ಬಾಕಿ ಬರ್ತಾಳೆ..." ಬಾಗಿಲ ಕಡೆ ಒಂದ್ಸಲ ನೋಡ್ದ. "ಕಸ್ತೂರಮ್ಮ."

ಇಮಾಂಬೀ ತಲೆ ಮ್ಯಾಲಿನ ಸೆರಗು ಸರಿ ಮಾಡ್ಕಂಡ್ಲು.

"ಹಂಗಾದ್ರೆ ಅಕಿ ನಿನ್ನ ಜೊತೆಗೇ ಇದ್ಲು," ಅಂದ್ಲು ಅಂಜಿನವ್ವ. ಮೊದಲ್ನೇ ಸಲ ನಾಲ್ಕು ಜನರ ಮುಂದೆ ಗಂಡನಿಗೆ ನೀನು ಅಂದಿದ್ಲು.

"ಇದ್ಲು. ಕಂಪನಿಯಿಂದ ಇಬ್ರನ್ನ ಆರ್ಸ್ಕಂಡಿದ್ರು, ಸಾಯಕ್ಕೆ ನನ್ನ, ಅಳಕ್ಕೆ ಅಕಿನ. ಆದ್ರೆ ಆ ಡೈರೆಕ್ಟರ್ ಒಡಕು ಬಳೆ ಒಪ್ಪಲಿಲ್ಲ. ಕೈಯಾಗಿರೋ ಬಳೆನೇ ಒಡಿಬೇಕು ಅಂತ ಹಟ ಹಿಡ್ದ. ಅಕಿ ಅಳ್ತಾ ಅಳ್ತಾ ಗಾಡಿ ಗಾಲಿಗೆ ಕೈ ಬಡ್ಕಂಡು ಒಡಕಂಡ್ಲು, ನನ್ನ ಹೆಸರಿನಾಗೆ. ನೀನು ಅಲ್ಲಿ ನಂದಿಗುಡಿನಾಗೆ ತುಂಬಿದ ಬಸುರಿ. ಸೀನ್ ಮುಗಿದ ಮ್ಯಾಲೆ ನಗಾಣ ಅಂತ ಎದ್ದು ಕೂತೆ, ಅಷ್ಟೊತ್ತಿಗೆ ಕ್ಯಾಮರಾ ಬಿಚ್ಚಿ ಪೆಟ್ಟಿಗೆಗೆ ಇಟ್ಟಿದ್ರು. ಕೈ ಮುಗ್ದೆ, ಕಾಲು ಹಿಡ್ದೆ, ಒಂದ್ಸಲ ತಿರುಗಿಸ್ರಿ ಅಂದೆ. ಹುಚ್ಚ ಅಂತ ನಕ್ರು. ನಗದೇ ಇರೋ ಹೆಣ ಆಗಿ ಉಳ್ಕಂಡೆ ಅಂಜಿನಿ. ಪಿಚ್ಚರ್‌ನಾಗೆ ಸತ್ತೋನು ಪಿಚ್ಚರ್‌ನಾಗೇ ನಗಬೇಕಿತ್ತು, ಪಿಚ್ಚರ್ ಇರೋ ತಂಕ ಆ ಸಾವು ಇರ್ತೈತೆ. ಹೆಂಗೆ ಮನೆಗೆ ಬರ್ಲಿ? ನಿಂಗೇನಾದ್ರೂ ಆಗಿದ್ರೆ? ಸುಮಾ ಹುಟ್ಟಿ ನೀನು ಎದ್ದು ಓಡಾಡ್ತೀಯ ಅಂತ ಸುದ್ದಿ ಬರೋ ತಂಕ ಹೊಸಪೇಟೆ ಛತ್ರದಾಗೆ ಕೂತಿದ್ದೆ. ಆ ಸೀನ್ ತೆಗ್ದಿದ್ದು ಶಿವರಾತ್ರಿ ಮಾರನೇ ದಿನ. ಒಡ್ದ ಬಳೆಗೆ ಬಳೆ ಕೊಡಬೇಕು ಅಂತ ಹಿರೀಕರು ಹೇಳಿದ್ರು, ಅದಕ್ಕೇ ವರ್ಷಾ ಕೊಡ್ತೀನಿ. ನಿಂಗೆ ಹೇಳಿದ್ರೆ ದೋಷ ನಿಂಗೆ ತಗಲ್ತೈತೆ ಅಂತ..."

ಕರೆಂಟ್ ಬಂತು. ಟಿವಿ ತಾನೇ ಹತ್ಕಂತು. ಬಕ್ಕೇಶ್ ಬಟನ್ ಒತ್ತಿದ.

ಗಾಡಿ ಬಂತು. ಇಪ್ಪತ್ತೇಳು ವರ್ಷದ ಕೆಂಚವೀರಪ್ಪ, ಕಪ್ಪು ಮೀಸೆ, ಎದೆನಾಗೆ ಬಾಣ. ಎಂಥಾ ಸಾವು ಅಂತೀರಿ! ಓಡಿ ಬಂದ್ಲು ಕಸ್ತೂರಮ್ಮ, ಎಳೇ ಮುಖ, ಗಾಲಿಗೆ ಕೈ ಬಡಿದ್ಲು, ಹಸಿರು ಚೂರು ಹಾರಿದ್ವು, ಅವನ ಎದೆ ಮ್ಯಾಲೆ ಬಿದ್ದು ಹೊರಳಾಡಿದ್ಲು. ರೆಂಜೊ ಬರ್ತೇಲಿ ಗಾಡಿ ಹಿಂದೆ ಹೆಣದ ಪಾದದ ಹತ್ರ ಮಂಡಿ ಊರಿ ತಲೆ ತಗ್ಗಿಸಿ ಕೂತ. ಮುಗೀತು. ಎಣ್ಸಿದ್ರೆ ಅರ್ಧ ನಿಮಿಷ.

ಕೆಂಚವೀರಪ್ಪ ಮುಖ ಮುಚ್ಕಂಡಿದ್ದ. ಬಕ್ಕೇಶ್ ಚಪ್ಪಾಳೆ ಹೊಡೀತಾ ಇನ್ನೆರಡು ಸಲ ಹಿಂದಕ್ಕೆ ತಿರುಗ್ಸಿ ಹಾಕಿದ. ಅಂಜಿನವ್ವ ರೆಪ್ಪೆ ಬಡೀದಂಗೆ ನೋಡಿದ್ಲು. ಮೂರನೇ ಸಲಕ್ಕೆ ಆಕಿ ಕಣ್ಣು ಸಣ್ಣ ಆದ್ವು. ಏನೋ ಕಂಡಿತ್ತು. ಬ್ಯಾಗ್ ಎತ್ಕಂಡು ಎದ್ದಳು.

"ಎಲ್ಲಿಗೆ?" ಅಂದ ಗಂಡ.

"ನಂದಿಗುಡಿಗೆ. ದಾರಿ ಮ್ಯಾಲೆ ಹರಿಹರದಾಗೆ ಇಳೀತೀನಿ. ನಿನ್ನ ಮಾತು ಕೇಳಿದ್ದಾತು, ಇನ್ನ ಅಕಿ ಮಾತು ಕೇಳ್ಬೇಕು."

ಅವನೂ ಹಿಂದೇ ಬಸ್ ಹತ್ತಿದ. ಆಕಿ ಹಿಂದ್ಲ ಸೀಟಿನಾಗೆ ಕೂತ.

ಕಸ್ತೂರಮ್ಮ ಬಾಗಿಲು ತೆಗೆದು ಇಬ್ರನ್ನೂ ನೋಡಿದ್ಲು, ಬ್ಯಾಗ್ ನೋಡಿದ್ಲು, ಅರ್ಥ ಮಾಡ್ಕಂಡ್ಲು. "ಅಂತೂ ಬಂದ್ಯಲ್ಲ ತಂಗೀ. ಮೂವತ್ತೇಳು ವರ್ಷ ಕಾಯ್ಸಿದೆ. ಒಳಗೆ ಬಾರವ್ವಾ."

ಅಂಜಿನವ್ವ ಹೊಸ್ತಿಲು ದಾಟ್ತಾ ಮೂಲೆ ಮೂಲೆ ಕಣ್ಣಾಡ್ಸಿದ್ಲು. ಗೂಟಕ್ಕೆ ಗಂಡಸಿನ ಅಂಗಿ ಇಲ್ಲ. ಗಂಡಸಿನ ಚಪ್ಪಲಿ ಇಲ್ಲ. ಒಂದು ಮಂಚ, ಒಂದು ದಿಂಬು, ಒಂದು ಹೊಲಿಗೆ ಮಷಿನ್ನು. ಕಸ್ತೂರಮ್ಮನ ಕೈಯಾಗೆ ಪ್ಲಾಸ್ಟಿಕ್ ಬಳೆ ಎರಡು.

"ಬಳೆ ಎಲ್ಲಿ?" ಅಂದ್ಲು ನೆಟ್ಟಗೆ.

ಕಸ್ತೂರಮ್ಮ ಮಂಚದ ಕೆಳಗಿಂದ ಕಂಪನಿ ಕಾಲದ ಕಬ್ಬಿಣದ ಟ್ರಂಕ್ ಎಳೆದು ಮುಚ್ಚಳ ತೆಗೆದ್ಲು. ಒಳಗೆ ಬರೀ ಪೊಟ್ಟಣ. ಪೇಪರ್ ಸುತ್ತಿ ದಾರ ಕಟ್ಟಿದ್ದು. ಮ್ಯಾಲಿನದ್ದು ಮೊನ್ನೆದು, ಬಿಳೀ ಪೇಪರ್. ಕೆಳಕ್ಕೆ ಹೋದಂಗೆ ಹಳದಿ, ಇನ್ನೂ ಕೆಳಗೆ ಕಂದು, ಮುಟ್ಟಿದ್ರೆ ಪುಡಿ. ಅಂಜಿನವ್ವ ಒಂದೊಂದೇ ಎತ್ತಿ ಗಂಟು ನೋಡಿದ್ಲು. ಇಮಾಂಬೀ ಗಂಟು, ಎಡಗೈ ಗಂಟು. ಲೋಕದಾಗೆ ಹಂಗೆ ಕಟ್ಟೋರು ಅಕಿ, ಅಕಿ ಕೈಯಾಗೆ ಕಲ್ತ ನಸೀಮಾ ಇಬ್ರೇ. ಒಂದು ಗಂಟೂ ಬಿಚ್ಚಿರ್ಲಿಲ್ಲ.

"ಇನ್ನೊಬ್ಬಳ ಗಂಡ ತಂದ ಬಳೆ ನಾನ್ ಯಾಕ ತೊಟ್ಕಳ್ಲಿ ಅವ್ವಾ," ಅಂದ್ಲು ಕಸ್ತೂರಮ್ಮ. "ಬ್ಯಾಡ ಅಂದ್ರೆ ಇವನು ಕೊರಗ್ತಾನೆ. ಇಸ್ಕತೀನಿ, ಒಳಗೆ ಹಾಕ್ತೀನಿ. ನಿನ್ನ ಹೆಂಡ್ತಿಗೆ ಹೇಳೋ ಕೆಂಚಾ, ಹೇಳೋ ಅಂತ ವರ್ಷಾ ಬಡ್ಕತೀನಿ. ಮೊನ್ನೆನೂ ಹೇಳ್ದೆ. ಹೆಣದ ಪಾರ್ಟಿಗೆ ಧೈರ್ಯ ಬ್ಯಾಡ ನೋಡು, ಅದಕ್ಕೇ ಇವನಿಗೆ ಹೇಳಿಮಾಡಿಸಿದಂಗೆ ಐತೆ."

ಅಂಜಿನವ್ವ ನಗ್ಲಿಲ್ಲ. ಟ್ರಂಕಿನ ಮುಂದೆ ಕೂತು ಪೊಟ್ಟಣ ಒಂದೊಂದೇ ಎಣ್ಸಿದ್ಲು. ಹೊರಗೆ ನಂದಿಗುಡಿ ಬಸ್ಸಿನ ಹಾರನ್ ಕೇಳ್ತು, ಎರಡು ಸಲ. ಎದ್ದೇಳ್ಲಿಲ್ಲ. ಆಮೇಲೆ ಮೊನ್ನೆಯ ಪೊಟ್ಟಣ ತಗಂಡು ಗಂಟು ಬಿಚ್ಚಿದ್ಲು. ಕಸ್ತೂರಮ್ಮನ ಕೈ ಹಿಡ್ಕಂಡು ಒಂದೊಂದೇ ಹಸಿರು ಬಳೆ ಏರ್ಸಿದ್ಲು. ಎರಡು-ನಾಲ್ಕು, ಸರಿಯಾಗಿ ಹತ್ತಿದ್ವು. "ನನ್ನ ಗಂಡನ ಲೆಕ್ಕ ಇಲ್ಲಿಗೆ ತೀರ್ತು," ಅಂದ್ಲು. "ಇದು ನಾನು ತೊಡ್ಸಿದ್ದು."

ಗೋಡೆಗೆ ಒರಗಿ ನಿಂತಿದ್ದ ಕೆಂಚವೀರಪ್ಪ ಅಂದ, "ಹಂಗಲ್ಲ, ನಾನು ನಗಲೇ ಇಲ್ವಲ್ಲ. ಅದು ಹೆಂಗೆ ತೀರ್ತೈತೆ?"

"ನಕ್ಕೀಯ," ಅಂದ್ಲು ಅಂಜಿನವ್ವ ತಿರುಗಿ ನೋಡದಂಗೆ.

"ಏನು?"

"ಮೂರನೇ ಸಲ ಹಾಕಿದಾಗ ನೋಡ್ದೆ. ಅಕಿ ಎದ್ದು ಆ ಕಡೆ ಹೊರಳ್ತಾಳೆ, ನಿನ್ನ ಎಡಗಡೆ ತುಟಿ ಬಿರೀತೈತೆ. ಹಲ್ಲು ಕಾಣ್ತಾವೆ. ನಲವತ್ತು ವರ್ಷ ನಿನ್ನ ಮುಖ ಅನುಮಾನದಿಂದ ನೋಡೀನಿ, ನಂಗೆ ತಪ್ಪಲ್ಲ. ಹೆಣ ಕ್ಯಾಮರಾದ ಮುಂದೇನೇ ನಕ್ಕೈತೆ."

ಕೆಂಚವೀರಪ್ಪ ಗೋಡೆ ಹಿಡ್ಕಂಡು ಹಂಗೇ ಕೆಳಗೆ ಕೂತ. ಕಣ್ಣು ಮುಚ್ಚಿ ಏನೋ ಹುಡುಕ್ದ. "ಪಾದದಾಗೆ ಏನೋ ಹರಿದಂಗಾಗಿತ್ತು," ಅಂದ ಮೆಲ್ಲಗೆ. "ಇರುವೆ ಅಂದ್ಕಂಡಿದ್ದೆ... ಪಾದದ ಹತ್ರ ಕೂತಿದ್ದು ರೆಂಜಣ್ಣ. ಹಿಂದ್ಲ ದಿನ ಅವನಿಗೆ ಕೈಸನ್ನೆನಾಗೆ ಹೇಳಿದ್ದೆ, ಸತ್ತೋನು ನಗಬೇಕು, ಇಲ್ಲಾಂದ್ರೆ ಮನೆಗೆ ಕೆಡುಕು ಅಂತ. ಹೂಂ ಹೂಂ ಅಂತ ತಲೆ ಅಲ್ಲಾಡ್ಸಿದ್ದ. ತಿಳಿಲಿಲ್ಲ ಅಂದ್ಕಂಡಿದ್ದೆ. ಬಟ್ಟೆ ಕೆಳಗೆ ಕೈ ಹಾಕಿ ಅವನೇ ಕಚಗುಳಿ ಇಟ್ಟನಾ..."

ಅಳಕ್ಕೆ ಶುರು ಮಾಡ್ದ. ಬಚ್ಚಲು ಕಲ್ಲಿನ ಮ್ಯಾಲೆ ಅತ್ತಂಗೆ, ಸದ್ದಿಲ್ಲದಂಗೆ. ಅಂಜಿನವ್ವ ಈ ಸಲ ಪಾರ್ಟು ಅನ್ಲಿಲ್ಲ. ಸೆರಗಿನಾಗೆ ಅವನ ಮುಖ ಒರೆಸಿದ್ಲು. ಕಸ್ತೂರಮ್ಮ ಇಬ್ರಿಗೂ ಉಪ್ಪಿಟ್ಟು ಮಾಡಿ ಹಾಕಿದ್ಲು.

ಸಂಜೆ ದಾವಣಗೆರೆ ಬಸ್ಸಿನಾಗೆ ಅಕ್ಕಪಕ್ಕ ಕೂತ್ರು, ಬ್ಯಾಗ್ ಅವನ ತೊಡೆ ಮ್ಯಾಲೆ. ಟಿಕೆಟ್ ಕೊಡಕ್ಕೆ ಬಂದಿದ್ದು ಅವತ್ತಿನ ಅದೇ ಕಂಡಕ್ಟರ್.

"ಮೊನ್ನೆ ಬುರ್ಕಾ ಹಾಕ್ಕಂಡು ಬಂದಿದ್ಯಲ್ಲ," ಅಂದ ಕೆಂಚವೀರಪ್ಪ, "ಕಾಲುಂಗುರ ತೆಗಿಬೇಕಿತ್ತು. ವೇಷ ಹಾಕೋರು ಪಾದದಿಂದ ಶುರು ಮಾಡ್ಬೇಕು."

"ಗೊತ್ತಿತ್ತಾ?! ಗೊತ್ತಿದ್ದೂ ಅಕಿ ಮನೆಗೆ ಹೋದ್ಯಾ?"

"ದಿನ ತಪ್ಪಂಗಿರ್ಲಿಲ್ಲ. ನೀನೇ ಹಿಂದಿಂದ ಬಂದು ನನ್ನ ಜುಟ್ಟು ಹಿಡ್ದು ಕೇಳ್ತಿ, ನಾನು ಹೇಳ್ತೀನಿ ಅಂತ ಕಟ್ಟೆ ಮ್ಯಾಲೆ ಕೂತೆ. ನೀನು ಬರ್ಲೇ ಇಲ್ಲ."

ಅಂಜಿನವ್ವ ಕಿಟಕಿ ಕಡೆ ತಿರುಗಿದ್ಲು. ನಗು ಬರ್ತಿತ್ತು, ತೋರ್ಸಬಾರ್ದು ಅಂತ. ಮನೆಗೆ ಹೋದ ಕೂಡ್ಲೆ ಟ್ರಂಕಿನ ತಳದಿಂದ ಆ ರೇಶ್ಮೆ ವಸ್ತ್ರ ತೆಗೀಬೇಕು, ವಾಸ್ನೆ ಇನ್ನೂ ಐತಾ ನೋಡ್ಬೇಕು ಅಂದ್ಕಂಡ್ಲು. ಬಸ್ಸು ಹರಿಹರ ದಾಟೋ ತಂಕ ಸುಮ್ನಿದ್ದು, ಇದ್ದಕ್ಕಿದ್ದಂಗೆ ಈ ಕಡೆ ತಿರುಗಿದ್ಲು. ಕಣ್ಣು ಮತ್ತೆ ಸಣ್ಣ ಆಗಿದ್ವು.

"ಸುಮನ ಅಪ್ಪಾ, ಒಂದು ನಿಜ ಹೇಳ್ರಿ."

"ಏನವ್ವಾ?"

"ನೀವು ನಕ್ಕಿದ್ದು ರೆಂಜಣ್ಣನ ಕಚಗುಳಿಗೇನಾ? ಅಕಿ ಎದೆ ಮ್ಯಾಲೆ ಬಿದ್ದಿದ್ದಕ್ಕಲ್ಲ ತಾನೇ?"

ಕೆಂಚವೀರಪ್ಪ ಕಣ್ಣು ಮುಚ್ಚಿ, ಕತ್ತು ವಾಲಿಸಿ, ನಾಲಿಗೆ ಹೊರಗೆ ಚಾಚಿ ಸೀಟಿನಾಗೇ ಸತ್ತುಬಿದ್ದ. ಮುಂದ್ಲ ಸೀಟಿನ ಹೆಂಗಸು ಕಿಟಾರನೆ ಕಿರುಚಿದ್ಲು. ಕಂಡಕ್ಟರ್ ವಿಸಿಲ್ ಊದಿ ಬಸ್ ನಿಲ್ಲಿಸ್ದ.

"ಏನೂ ಇಲ್ಲ, ಹೊಡೀರಪ್ಪಾ," ಅಂದ್ಲು ಅಂಜಿನವ್ವ, ಗಂಡನ ಪಾದದ ಕಡೆ ಬಗ್ಗುತಾ. "ಈಗ ನಗ್ತಾನೆ."